ಶಿವಲಿಂಗವ್ವನ ರವಿವಾರಗಳು

ಮದುವೆಯಾದ ಹೆಣ್ಣುಮಗಳು ತವರಿಗೆ ಹೋಗಬೇಕೆಂದರೆ ಕರೆಯಲು ಅಣ್ಣ ಬರಬೇಕು, ಇಲ್ಲ ತಮ್ಮ ಬರಬೇಕು. ಬೆಳಗಾವಿಯ ಹಿಂದವಾಡಿಯ ಬಾಳವ್ವನ ಮನೆಯಲ್ಲಿ ಇದು ಕಾನೂನು. ಆ ಮನೆಯ ಸೊಸೆ ಶಿವಲಿಂಗವ್ವನಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಅವಳ ಅವ್ವ ನಿಂಗವ್ವ ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ ನಾಲ್ಕೆಕರೆ ಹೊಲ, ಎರಡು ಎತ್ತು ಮತ್ತು ಊರಿನ ಅರ್ಧದಷ್ಟು ಜಗಳಗಳನ್ನು ಒಬ್ಬಳೇ ನಡೆಸಿಕೊಂಡು ಗಟ್ಟಿಯಾಗಿದ್ದಳು. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ಆ ದಾರಿಯನ್ನು ಶಿವಲಿಂಗವ್ವ ಹದಿನಾಲ್ಕು ವರ್ಷದಲ್ಲಿ ಮೂರೇ ಸಲ ತುಳಿದಿದ್ದಳು. ಒಮ್ಮೆ ಬಾಣಂತನಕ್ಕೆ, ಒಮ್ಮೆ ಅಪ್ಪನ ಮಣ್ಣಿಗೆ, ಒಮ್ಮೆ ತಪ್ಪು ಬಸ್ಸು ಹತ್ತಿ. ನಿಂಗವ್ವನೇ ಬರಬಹುದಿತ್ತಲ್ಲ ಎನ್ನುತ್ತೀರಿ. ಬೀಗರು ಕರೆಯದೆ ಅವರ ಹೊಸ್ತಿಲು ದಾಟುವ ಹೆಣ್ಣಲ್ಲ ಅವಳು. ಬಾಳವ್ವನಂತೂ ಕರೆಯುವ ಹೆಣ್ಣೇ ಅಲ್ಲ.

ಹೀಗಿರುವಾಗ ೧೯೮೩ರ ಪಂಚಮಿಯ ದಿನ, ಓಣಿಯ ಸೊಸೆಯಂದಿರೆಲ್ಲ ತವರಿನಲ್ಲಿ ಜೋಕಾಲಿ ಆಡುತ್ತಿದ್ದ ಹೊತ್ತಿನಲ್ಲಿ, ಜೋಳದ ಅಳ್ಳು ಹುರಿಯುತ್ತ ಕೂತ ಶಿವಲಿಂಗವ್ವನ ಮುಂದೆ ಅಂಚೆಯವನು ಒಂದು ದಪ್ಪ ಪಾಕೀಟು ಇಟ್ಟು ಹೋದ. ಹಿಂದಿನ ವರ್ಷ ಓಣಿಯ ಅಕ್ಕನ ಬಳಗದವರು ವಚನ ಹಾಡಲು ಒಂದು ಸಂಘ ನೋಂದಾಯಿಸಿದ್ದರು. ಅದರ ವಿಳಾಸ ಇವಳ ಮನೆಯದು. ಆ ವಿಳಾಸ ಯಾವ ಯಾವ ಕಚೇರಿಯ ಯಾವ ಯಾವ ಮೇಜಿನ ಮೇಲೆ ಉರುಳಾಡಿತೋ, ಕೊನೆಗೆ ದಿಲ್ಲಿಯ 'ಅಖಿಲ ಭಾರತ ಕರ್ಲಿಂಗ್ ಮಹಾಮಂಡಳ'ಕ್ಕೆ ಮುಟ್ಟಿತ್ತು. ದೇಶದ ಹೆಣ್ಣುಮಕ್ಕಳು ಈ ಆಟದಲ್ಲಿ ಬಹಳ ಹಿಂದೆ ಬಿದ್ದಿದ್ದಾರೆ, ಅವರ ಸಂಖ್ಯೆ ಹೆಚ್ಚಿಸಬೇಕು ಎಂದು ಮಹಾಮಂಡಳ ಠರಾವು ಮಾಡಿತ್ತಂತೆ. ಗಂಡಸರು ಎಷ್ಟು ಮುಂದಿದ್ದಾರೆ ಎಂಬುದನ್ನು ಪತ್ರದಲ್ಲಿ ಬರೆದಿರಲಿಲ್ಲ.

ಶಿವಲಿಂಗವ್ವನ ಗಂಡ ಗುರುಪುತ್ರಪ್ಪ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಇಂಗ್ಲಿಷ್ ಪತ್ರ ಕಂಡರೆ ಅವನಿಗೆ ಎದೆ ಎರಡು ಇಂಚು ಉಬ್ಬುತ್ತಿತ್ತು. ಕನ್ನಡಕ ಏರಿಸಿ ಓದಿದ. ಜತೆಗೆ ಒಂದು ನಿಯಮದ ಪುಸ್ತಕ, ಅದರಲ್ಲೊಂದು ಚಿತ್ರ. ಹೆಣ್ಣುಮಗಳೊಬ್ಬಳು ಮೊಣಕಾಲೂರಿ ಹಿಡಿಕೆಯಿದ್ದ ದುಂಡನೆಯ ಕಲ್ಲನ್ನು ಬರ್ಫದ ಮೇಲೆ ಜಾರಿಸುತ್ತಿದ್ದಾಳೆ. ಅವಳ ಮುಂದೆ ಇಬ್ಬರು ಕಸಬರಿಗೆ ಹಿಡಿದು ಬಗ್ಗಿಕೊಂಡು ಕಸ ಹೊಡೆಯುತ್ತ ಓಡುತ್ತಿದ್ದಾರೆ. ಆ ತುದಿಯಲ್ಲಿ ಬಳೆಯೊಳಗೆ ಬಳೆ ಬರೆದಂತೆ ದುಂಡು ಗೆರೆಗಳು. ಅದಕ್ಕೆ ಪುಸ್ತಕದಲ್ಲಿ 'ಮನೆ' ಎಂದೇ ಹೆಸರು. ಯಾರ ಕಲ್ಲು ಮನೆಯ ನಡುಮಧ್ಯಕ್ಕೆ ಹತ್ತಿರವೋ ಅವರಿಗೆ ಅಂಕ. ಮುಂದೆ ಮುಂದೆ ಕಸ ಹೊಡೆದರೆ ಕಲ್ಲು ಇನ್ನಷ್ಟು ದೂರ ಹೋಗುತ್ತದೆ. ಇಷ್ಟೇ ಆಟ.

ಬಾಳವ್ವ ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ಇದೇನೋ ಗುರುಪುತ್ರಾ, ಬೀಸೂಕಲ್ಲು! ಮ್ಯಾಲಿನ ಕಲ್ಲು ಕಿತ್ತಕೊಂಡು ಉಳ್ಳಾಡಸಾಕ ಹತ್ಯಾರಲ್ಲೋ. ಗೂಟಾ ನೋಡ, ಹಂಗ ಐತಿ. ಕಲ್ಲು, ಕಸಬರಿಗಿ. ಹುಟ್ಟಿದಾಗಿಂದ ನಾವು ಇದನ್ನ ಮಾಡಕೋತ ಬಂದೇವಿ, ದಿಲ್ಲ್ಯಾಗ ಇದಕ್ಕ ಆಟಾ ಅಂತಾರೇನು?"

"ಅಂತಾರ ಯವ್ವಾ. ಇನ್ನೊಂದು ಬರದಾರ ನೋಡು." ಗುರುಪುತ್ರಪ್ಪ ಬೆರಳಿಟ್ಟು ಓದಿದ. "ತಂಡದವರು ಪ್ರತಿ ರವಿವಾರ, ಬ್ಯಾರೆ ತಾಲೂಕಿನ ಮತ್ತೊಂದು ಮಹಿಳಾ ತಂಡದ ಜೋಡಿ ಕಡ್ಡಾಯವಾಗಿ ತಾಲೀಮು ಮಾಡಬೇಕು."

ಹುರಿಯುವ ಕೈ ನಿಂತಿತು. ಅಳ್ಳು ಹೊತ್ತುವ ವಾಸನೆ ಬಂದರೂ ಶಿವಲಿಂಗವ್ವನಿಗೆ ಖಬರಿಲ್ಲ. "ರೀ, ಬ್ಯಾರೆ ತಾಲೂಕಂದ್ರ ಖಾನಾಪುರ ನಡೀತೈತೇನ್ರಿ?" ಎಂದು ಕೇಳಿದಳು.

ನಡೆಯುತ್ತದೆ ಎಂದ ಗುರುಪುತ್ರಪ್ಪ. ಬಾಳವ್ವ ಪತ್ರದ ತಳದಲ್ಲಿ ಒತ್ತಿದ್ದ ದುಂಡನೆಯ ನೀಲಿ ಶಿಕ್ಕೆಯನ್ನು ಬಹಳ ಹೊತ್ತು ನೋಡಿದಳು. ಅವಳು ಕೆಟ್ಟವಳಲ್ಲ, ಪದ್ಧತಿಯವಳು. ಕರೆಯಲು ಯಾರಾದರೂ ಬಂದರೆ ಕಳಿಸಲೇಬೇಕು, ಅದೂ ಪದ್ಧತಿಯೇ. "ಪಂಚಮೀ ದಿನಾನ ಬಂದೈತಿ. ದಿಲ್ಲಿಯವರು ಕರಿಯಾಕ ಬಂದಾರಂದ್ರ ಇಲ್ಲ ಅನ್ನಾಕ ನಾ ಯಾರವ್ವಾ?" ಎಂದು ಹಣೆಗೆ ಒತ್ತಿಕೊಂಡು ಪತ್ರವನ್ನು ಜಗುಲಿಯ ಮೇಲೆ ಇಟ್ಟಳು. ಅಂದಿನಿಂದ ಆ ಮನೆಯಲ್ಲಿ ದಿಲ್ಲಿಯೆಂದರೆ ಶಿವಲಿಂಗವ್ವನ ಅಣ್ಣನ ಮನೆ.

ಪಾರಿಶ್ವಾಡಕ್ಕೆ ಸುದ್ದಿ ಮುಟ್ಟಿದಾಗ ನಿಂಗವ್ವ ಏನೂ ಕೇಳಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಮನೆ ಮನೆಯ ಬೀಸುಕಲ್ಲುಗಳು ಮೂಲೆ ಸೇರಿದ್ದವು. ಬಾಜು ಮನೆಯ ಮಾಯಕ್ಕನನ್ನೂ ಇನ್ನಿಬ್ಬರನ್ನೂ ಕರೆದುಕೊಂಡು, ಮೇಲಿನ ಕಲ್ಲುಗಳನ್ನು ಕೌದಿಯಲ್ಲಿ ಸುತ್ತಿ, ಮುಂದಿನ ರವಿವಾರವೇ ಬಸ್ಸು ಹತ್ತಿಬಿಟ್ಟಳು. ಕಂಡಕ್ಟರು ಲಗೇಜ್ ಎಂದ. "ಲಗೇಜಲ್ಲಪಾ, ಆಟಗಿ ಸಾಮಾನು" ಎಂದಳು ಅರವತ್ತೆರಡರ ನಿಂಗವ್ವ. ಕಂಡಕ್ಟರು ಕಲ್ಲನ್ನು ನೋಡಿದ, ಅವಳ ಮುಖವನ್ನು ನೋಡಿದ, ಸುಮ್ಮನೆ ಸೀಟಿ ಊದಿದ.

ಇನ್ನು ಬರ್ಫ. ಈಗ ಆಟೋ ನಗರ ಅನ್ನುವ ದಿಕ್ಕಿಗೆ, ಆಗ ಬರೀ ಬಯಲಿದ್ದ ಕಡೆ, ಸತ್ಯಪ್ಪನ ಬರ್ಫದ ಕಾರ್ಖಾನೆ ಇತ್ತು. ಗೋವೆಯಿಂದ ಮೀನು ತರುವ ಲಾರಿಗಳಿಗೆ ಅವನು ಚಪ್ಪಡಿಯಂಥ ಬರ್ಫದ ಹಾಸು ಹೊಡೆದು ಕೊಡುತ್ತಿದ್ದ. ಮೀನೆಂದ ಕೂಡಲೇ ಅಕ್ಕನ ಬಳಗದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. "ನಮ್ಮ ಬರ್ಫ ಇಲ್ಲಿಂದ ಹೋಗೂತನಕಾ ಖರೇ ಶರಣರಂಗ ಇರತೈತ್ರಿ ಅಕ್ಕಾರ. ಮೀನದ ಸವಾಸಾ ಏನಿದ್ರೂ ಗೋವಾಕ ಹೋದ ಮ್ಯಾಲ" ಎಂದು ಸತ್ಯಪ್ಪ ಎದೆ ಮುಟ್ಟಿ ಆಣೆ ಮಾಡಿದ. ಸೋಮವಾರದ ಲಾರಿಗೆಂದು ಮಾಡಿದ ಹಾಸುಗಳು ರವಿವಾರವಿಡೀ ಭತ್ತದ ಹೊಟ್ಟಿನಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಅವನ್ನೇ ಒಂದರ ತುದಿಗೆ ಒಂದು ಜೋಡಿಸಿದರೆ ಮೈದಾನ. ಸಂದು ಬಂದಲ್ಲಿ ಕಲ್ಲು ಒಮ್ಮೆ ಎಗರುತ್ತಿತ್ತು, ಅಷ್ಟೇ. ಆ ಕಡೆಯ 'ಮನೆ'ಯನ್ನು ಹೆಂಗಸರು ರಂಗೋಲಿಯಲ್ಲಿ ಬರೆದರು, ನಡುವೆ ಅರಿಶಿನ ಕುಂಕುಮ ಇಟ್ಟರು. ಬರಿಗಾಲಿನಲ್ಲಿ ಬರ್ಫ ತುಳಿಯಲಾಗದೆ ಕ್ಯಾಂಪಿನ ಪೇಟೆಯಿಂದ ಮಿಲಿಟರಿಯವರ ಉಣ್ಣೆ ಕಾಲುಚೀಲ ತರಿಸಿದರು. ಮಹಾಮಂಡಳದವರು ಆ ಕಾರ್ಖಾನೆಗೆ 'ರಾಷ್ಟ್ರೀಯ ದರ್ಜೆಯ ಒಳಾಂಗಣ ಹಿಮ ಮೈದಾನ' ಎಂದು ಪತ್ರ ಬರೆದರು. ಸತ್ಯಪ್ಪ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದ. ಸೋಮವಾರ ಬರ್ಫ ಬೆನ್ನ ಮೇಲೆ ರಂಗೋಲಿ ಹೊತ್ತುಕೊಂಡು ಗೋವೆಗೆ ಹೋಗುತ್ತಿತ್ತು.

ಆಟ ಒಂದು ತಾಸು. ಮಿಕ್ಕ ದಿನವೆಲ್ಲ ಹೊಟ್ಟಿನ ಮೂಟೆಗಳ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ, ಮಾತು. ನಿಂಗವ್ವ ಮಗಳ ತಲೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದಳು. ಮೂವತ್ತೆರಡು ವರ್ಷದ ಮಗಳು, ಮಡಿಲಲ್ಲಿ ಹದಿಮೂರರ ಮಗಳು ಅಕ್ಕವ್ವನನ್ನು ಕೂರಿಸಿಕೊಂಡು, ಅವ್ವನ ಮೊಣಕಾಲಿಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಶಿವಲಿಂಗವ್ವನಿಗೆ ಆಟ ಬೇಕಾಗಿರಲಿಲ್ಲ ಎಂದರೆ ಸುಳ್ಳಾದೀತು, ಕಲ್ಲು ಜಾರುವ ಸದ್ದು ಅವಳಿಗೆ ಬಹಳ ಹಿಡಿಸಿತ್ತು. ಆದರೆ ಅವಳಿಗೆ ರವಿವಾರ ಬೇಕಾಗಿತ್ತು. ವಾರದ ಆರು ದಿನಗಳನ್ನು ಅವಳು ಆ ಒಂದು ದಿನಕ್ಕಾಗಿ ನೂಕುತ್ತಿದ್ದಳು.

ಐದು ತಿಂಗಳಾದ ಮೇಲೆ, ಜನವರಿಯ ಒಂದು ರವಿವಾರ, ದಿಲ್ಲಿಯಿಂದ ವೀಕ್ಷಕರೊಬ್ಬರು ಬಂದರು. ಕೋಟು, ಟೈ, ಕಂಕುಳಲ್ಲಿ ನಿಯಮದ ಪುಸ್ತಕ. ಸೊಸೆಯ ಅಣ್ಣನ ಕಡೆಯವರೆಂದು ಬಾಳವ್ವ ಅವರ ಕಾಲಿಗೆ ನೀರು ಕೊಟ್ಟು, ಎಂಟು ಹೋಳಿಗೆ ತಿನ್ನಿಸಿ, ತಾನೂ ಅವರ ಹಿಂದೆ ಕಾರ್ಖಾನೆಗೆ ಬಂದಳು. ವೀಕ್ಷಕರು ಬರ್ಫದ ಮೇಲೆ ಬೀಸುಕಲ್ಲು ಜಾರುವುದನ್ನು ಬೆರಗಾಗಿ ನೋಡಿದರು. ಅವರೂ ಈ ಆಟವನ್ನು ಕಣ್ಣಾರೆ ನೋಡುವುದು ಅದೇ ಮೊದಲು ಎಂದು ಆಮೇಲೆ ಗೊತ್ತಾಯಿತು.

ಪಂದ್ಯ ಶುರುವಾಗುವ ಮೊದಲು ಅವರು ಒಂದು ಮಾತು ಹೇಳಿದರು. ಗುರುಪುತ್ರಪ್ಪ ಅದನ್ನು ಕನ್ನಡಕ್ಕೆ ತಂದ. "ಮಹಾಮಂಡಳದ ಹೊಸಾ ನಿಯಮ ಐತಂತ. ಒಂದು ಜಿಲ್ಲಾಕ್ಕ ಒಂದ ತಂಡ. ಇವತ್ತ ಗೆದ್ದವರ ಹೆಸರು ಉಳೀತೈತಿ. ಸೋತ ತಂಡಾ ಬರ್ಖಾಸ್ತು. ಇನ್ನ ಮ್ಯಾಲೆ ರವಿವಾರದ ತಾಲೀಮೂ ಇಲ್ಲ."

ಶಿವಲಿಂಗವ್ವ ಲೆಕ್ಕ ಹಾಕಿದಳು. ಗೆದ್ದರೆ ಅವ್ವ ಬರುವುದಿಲ್ಲ. ಸೋತರೆ ತಾನು ಬರುವುದಿಲ್ಲ. ಇದೆಂಥ ಆಟ! ಹದಿನಾಲ್ಕು ವರ್ಷ ಸಹಿಸಿದ್ದು ಸಾಕಾಗಲಿಲ್ಲವೇ ಈ ದಿಲ್ಲಿಯವರಿಗೆ? ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಅವಳು ನಿಂಗವ್ವನ ಕಡೆ ನೋಡಿದಳು. ನಿಂಗವ್ವ ಸೆರಗು ಸೊಂಟಕ್ಕೆ ಬಿಗಿಯುತ್ತಿದ್ದಳು. ಮಗಳಿಗೆ ಭಯವಾದದ್ದು ಅದಕ್ಕೇ. ನಿಂಗವ್ವ ಹುಟ್ಟಿದ ಲಾಗಾಯ್ತು ಯಾವುದರಲ್ಲೂ ಯಾರಿಗೂ ಸೋತವಳಲ್ಲ. ಗದ್ದೆಯಲ್ಲಿ ನಾಟಿಯ ಸಾಲು ಹಿಡಿದರೂ ಬಾಜು ಸಾಲಿನವಳಿಗಿಂತ ಎರಡು ಮೊಳ ಮುಂದಿರಬೇಕು ಅವಳಿಗೆ.

"ಯವ್ವಾ..." ಎಂದಳು ಶಿವಲಿಂಗವ್ವ.

"ಏನ ಯವ್ವಾ? ಆಟಂದ್ರ ಆಟ" ಎಂದು ನಿಂಗವ್ವ ಬಗ್ಗಿ ಕಲ್ಲು ಹಿಡಿದೇ ಬಿಟ್ಟಳು.

ಆಟ ನಡೆಯಿತು. ಅಂಥ ಆಟವನ್ನು ಯಾರೂ ಕಂಡಿರಲಿಕ್ಕಿಲ್ಲ. ಶಿವಲಿಂಗವ್ವ ತನಗೆ ಒಂದು ಅಂಕ ಹೆಚ್ಚಾದರೆ ಮುಂದಿನ ಸಲ ಬೇಕೆಂದೇ ತಪ್ಪು ಹೊಡೆಯುತ್ತಿದ್ದಳು. ಅವ್ವ ಮುಂದಾದರೆ ಜೀವ ಬಿಟ್ಟು ಸರಿಗಟ್ಟುತ್ತಿದ್ದಳು. ಬಾಳವ್ವ ಮೂಟೆಯ ಮೇಲೆ ಎದ್ದು ನಿಂತು, "ಹೊಡಿ ಶಿವಲಿಂಗವ್ವಾ, ಹಿಂದವಾಡಿ ಮರ್ಯಾದಿ ಐತಿ" ಎಂದು ಕೂಗುತ್ತಿದ್ದಳು. ಎರಡೆರಡು, ಮೂರು ಮೂರು, ಐದೈದು. ಸಮ ಆದರೆ ಮತ್ತೊಂದು ಸುತ್ತು ಎಂದು ಪುಸ್ತಕ ಹೇಳಿತ್ತು. ಸುತ್ತಿನ ಮೇಲೆ ಸುತ್ತು ಹೋಗಿ ಬರ್ಫ ಬೆವರತೊಡಗಿತು. ವೀಕ್ಷಕರು ಗಡಿಯಾರ ನೋಡಿಕೊಂಡರು. ಅವರಿಗೆ ಸಂಜೆಯ ಗಾಡಿ ಹಿಡಿಯಬೇಕಿತ್ತು.

ಏಳು ಏಳು ಆಗಿ, ಮತ್ತೊಂದು ಸುತ್ತಿನಲ್ಲಿ ಒಂದೇ ಒಂದು ಕಲ್ಲು ಉಳಿಯಿತು. ಅದು ನಿಂಗವ್ವನದು. ಮನೆಯ ಅಂಚಿಗೆ ಶಿವಲಿಂಗವ್ವನ ಒಂದು ಕಲ್ಲು ಕೂತಿತ್ತು, ನಡುವೆ ಖಾಲಿ. ನಿಂಗವ್ವನಿಗೆ ಅದು ಎಡಗೈಯ ಕೆಲಸ. ಬೇಕೆಂದು ತಪ್ಪು ಹೊಡೆದರೆ ಸೋಲು, ಸರಿ ಹೊಡೆದರೆ ಗೆಲುವು. ಸಮ ಮಾಡುವ ದಾರಿ ಈ ಸಲ ಇರಲಿಲ್ಲ.

ನಿಂಗವ್ವ ಮೊಣಕಾಲೂರಿ ಗೂಟ ಹಿಡಿದಳು. ಒಮ್ಮೆ ಮನೆಯ ನಡುವನ್ನು ನೋಡಿದಳು. ಕಣ್ಣಲ್ಲಿ ಆಸೆ ಇತ್ತು, ಖರೇ ಆಸೆ. ಮತ್ತೊಮ್ಮೆ ಮಗಳನ್ನು ನೋಡಿದಳು. ಶಿವಲಿಂಗವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಿಂಗವ್ವ ಗೂಟ ಬಿಡದೆಯೇ ತಿರುಗಿ, "ಸತ್ಯಪ್ಪಾ, ಯಾಕೋ ಕತ್ತಲಾದಂಗ ಆತಪಾ. ದೀಪಾ ಹಚ್ಚು" ಎಂದಳು.

ಹೊರಗೆ ಮೂರೂವರೆಯ ಬಿಸಿಲು ಸುಡುತ್ತಿತ್ತು. ಒಳಗೆ ಕಿಟಕಿಯಿಲ್ಲದ ತಗಡಿನ ಕೋಣೆ, ಅಷ್ಟು ಮಬ್ಬು ಯಾವಾಗಲೂ ಇದ್ದದ್ದೇ. ಸತ್ಯಪ್ಪ ಏನೂ ತಿಳಿಯದೆ ಕಂದೀಲು ಹಚ್ಚಿ ಮೊಳೆಗೆ ತೂಗುಹಾಕಿದ. ಮರುಕ್ಷಣ ಮಾಯಕ್ಕ ಕಸಬರಿಗೆಯನ್ನು ಕೆಳಗಿಟ್ಟಳು. ಇನ್ನೊಬ್ಬಳು ಇಟ್ಟಳು. ನಿಂಗವ್ವನೊಬ್ಬಳನ್ನು ಬಿಟ್ಟು ಏಳೂ ಹೆಂಗಸರು ಕಂದೀಲಿಗೆ ಕೈ ಮುಗಿದು ಕಸಬರಿಗೆಗಳನ್ನು ಕದದ ಹಿಂದೆ ನಿಲ್ಲಿಸಿ ಬಂದರು.

"ಯಾಕೆ ನಿಲ್ಲಿಸಿದರು?" ಎಂದು ವೀಕ್ಷಕರು ಹಿಂದಿಯಲ್ಲಿ ಕೇಳಿದರು.

ಉತ್ತರ ಕೊಟ್ಟವಳು ಬಾಳವ್ವ. ಪದ್ಧತಿಯ ಮಾತು ಬಂದರೆ ಅವಳಿಗೆ ಎದುರು ತಂಡವೂ ಇಲ್ಲ, ತನ್ನ ತಂಡವೂ ಇಲ್ಲ. "ದೀಪಾ ಹಚ್ಚಿದ ಮ್ಯಾಲ ಕಸಾ ಹೊಡಿತಾರೇನ್ರಿ? ಲಕ್ಷ್ಮೀ ಎದ್ದು ಹೊರಗ ಹೊಕ್ಕಾಳ. ನಿಮ್ಮ ದಿಲ್ಲ್ಯಾಗ ಹೊಡಿತಾರೇನು?"

ವೀಕ್ಷಕರು ಗಾಬರಿಯಾಗಿ, ತಮ್ಮ ಮನೆಯಲ್ಲೂ ಹೊಡೆಯುವುದಿಲ್ಲ, ತಾಯಿ ಬೈಯುತ್ತಾರೆ ಎಂದು ಒಪ್ಪಿಕೊಂಡರು. ಹಾಗಾದರೆ ಕಸ ಹೊಡೆಯದೆ ಕಲ್ಲು ಬಿಡಲಿ ಎಂದರು. ನಿಂಗವ್ವ ಎದ್ದು ನಿಂತಳು. "ಕಸಾ ಹೊಡೀದ ದಾರ್‍ಯಾಗ ಕಲ್ಲು ಮನಿಗೆ ಕಳಸಂತೀರೇನ್ರಿ ಸಾಹೇಬ್ರ? ನಾವೇನ ಅಷ್ಟ ಗತಿಗೆಟ್ಟವರೇನು?" ಗುರುಪುತ್ರಪ್ಪ ಇದನ್ನು ಬಹಳ ನಯವಾದ ಇಂಗ್ಲಿಷಿಗೆ ತಂದ. ಪುಸ್ತಕವನ್ನೂ ಅವನೇ ತಿರುವಿ ಹಾಕಿ ನಲವತ್ತೊಂದನೆಯ ಪುಟದ ಮೇಲೆ ಬೆರಳಿಟ್ಟ. ತಂಡದ ಕೈಮೀರಿದ ಕಾರಣದಿಂದ ಕಸ ಹೊಡೆಯಲಾಗದಿದ್ದರೆ ಪಂದ್ಯವನ್ನು ಮುಂದಿನ ತಾಲೀಮಿನ ದಿನಕ್ಕೆ ಮುಂದೂಡಬೇಕು. ಫಲಿತಾಂಶ ಬರುವವರೆಗೆ ಎರಡೂ ತಂಡಗಳು ದಫ್ತರದಲ್ಲಿ ಇರತಕ್ಕದ್ದು. ವೀಕ್ಷಕರು ಓದಿದರು, ಗಡಿಯಾರ ನೋಡಿದರು, 'ಪಂದ್ಯ ಇನ್ನೂ ನಡೆದಿದೆ' ಎಂದು ಬರೆದು ಸಹಿ ಹಾಕಿ ಸ್ಟೇಶನ್ನಿಗೆ ಓಡಿದರು.

ಗುರುಪುತ್ರಪ್ಪ ಹೆಂಡತಿಯ ಮುಖ ನೋಡಲಿಲ್ಲ. ಕನ್ನಡಕ ಒರೆಸುತ್ತ ನಿಂತಿದ್ದ. ಇಂಗ್ಲಿಷಿನಿಂದ ಮನೆಗೆ ಒಂದು ಉಪಯೋಗವಾದದ್ದು ಅದೇ ಮೊದಲ ಸಲ ಎಂದು ಶಿವಲಿಂಗವ್ವ ಆಮೇಲೆ ಹೇಳುತ್ತಿದ್ದಳು.

ಮುಂದಿನ ರವಿವಾರ ಪಂದ್ಯ ಮುಂದುವರಿಯಬೇಕಿತ್ತಲ್ಲ, ಮುಂದುವರಿಯಿತು. ಎಲ್ಲರೂ ಬೆಳಿಗ್ಗೆ ತಾಲೀಮು ಮಾಡಿದರು, ರೊಟ್ಟಿ ತಿಂದರು, ಎಣ್ಣೆ ಹಚ್ಚಿಕೊಂಡರು. ಮಧ್ಯಾಹ್ನ ಕಲ್ಲುಗಳನ್ನು ಮೊದಲಿದ್ದ ಜಾಗದಲ್ಲಿಟ್ಟು, ನಿಂಗವ್ವ ಗೂಟ ಹಿಡಿದು ಕೂತು, ಆಸೆಯಿಂದ ಮನೆಯ ಕಡೆ ನೋಡಿ, "ಸತ್ಯಪ್ಪಾ, ದೀಪಾ ಹಚ್ಚು" ಎಂದಳು. ಅದರ ಮುಂದಿನ ರವಿವಾರವೂ ಹಾಗೇ. ಐದು ವರ್ಷ ಹಾಗೇ. ಮೂರು ತಿಂಗಳಿಗೊಮ್ಮೆ ದಿಲ್ಲಿಯಿಂದ 'ಫಲಿತಾಂಶ ತಿಳಿಸಿ' ಎಂದು ಬರುತ್ತಿತ್ತು. 'ಪಂದ್ಯ ಇನ್ನೂ ನಡೆದಿದೆ, ಒಂದು ಕಲ್ಲು ಉಳಿದಿದೆ' ಎಂದು ಹೋಗುತ್ತಿತ್ತು. ಬಾಳವ್ವನಿಗೆ ಗುಟ್ಟು ಯಾವಾಗ ತಿಳಿಯಿತೋ ಯಾರಿಗೂ ಗೊತ್ತಿಲ್ಲ. ಒಂದು ರವಿವಾರ ಮಳೆಗೆ ಸೊಸೆ ಹೊರಡಲು ತಡವಾದಾಗ, "ಹೋಗವಾ ಲಗೂನ, ಬೀಗತಿ ಕಲ್ಲು ಹಿಡಕೊಂಡು ಕುಂತಿರತಾಳ" ಎಂದು ತಾನೇ ಛತ್ರಿ ಕೊಟ್ಟು ಕಳಿಸಿದಳು.

೧೯೮೯ರ ಫೆಬ್ರವರಿಯಲ್ಲಿ, ಒಂದು ಸೋಮವಾರ, ನಿಂಗವ್ವ ತೀರಿಕೊಂಡಳು. ಹಿಂದಿನ ದಿನ ಬಂದು ಆಡಿ ಹೋಗಿದ್ದಳು. ಬಸ್ಸು ಹತ್ತುವಾಗ ಕಿಟಕಿಯಿಂದ ತಲೆ ಹಾಕಿ, "ಏ ಹುಡಿಗಿ, ನಾ ಸೋತಿಲ್ಲ, ನೆನಪಿರಲಿ. ಒಂದು ಕಲ್ಲು ಐತಿ ನಂದು" ಎಂದಿದ್ದಳು. ಆ ಮಾತು ನೆನೆದು ಶಿವಲಿಂಗವ್ವ ಮಣ್ಣು ಕೊಡುವ ಹೊತ್ತಿನಲ್ಲಿ ಒಮ್ಮೆ ನಕ್ಕಳು. ಆಮೇಲೆ ಅತ್ತದ್ದನ್ನು ನಿಲ್ಲಿಸಲು ಮಾಯಕ್ಕನಿಗೆ ಬಹಳ ಹೊತ್ತು ಹಿಡಿಯಿತು.

ತಿಂಗಳೊಳಗೆ ದಿಲ್ಲಿಯ ಪತ್ರ ಬಂತು. ಖಾನಾಪುರ ತಂಡದ ನಾಯಕಿಯ ನಿಧನಕ್ಕೆ ವಿಷಾದ, ಪಂದ್ಯ ಮುಗಿದಂತೆ ಭಾವಿಸಿ ಹಿಂದವಾಡಿ ತಂಡವನ್ನು ವಿಜಯಿ ಎಂದು ಘೋಷಿಸಲಾಗುವುದು, ಒಪ್ಪಿಗೆಯ ಸಹಿ ಕಳಿಸಿ.

"ಗೆದ್ದಿ ನೋಡು" ಎಂದ ಗುರುಪುತ್ರಪ್ಪ ಮೆಲ್ಲಗೆ.

"ಗೆದ್ದು ಸುಡಗಾಡಕ್ಕ ಒಯ್ಯಲೇನ್ರಿ?" ಎಂದಳು ಶಿವಲಿಂಗವ್ವ. ಪತ್ರವನ್ನು ಕಸಿದುಕೊಂಡು ಒಳಗೆ ಹೋದಳು. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಅವಳು ಅವ್ವನ ಬಗ್ಗೆ ಮಾತ್ರ ಯೋಚಿಸುತ್ತಿದ್ದಳು ಎಂದು ಮನೆಯವರು ತಿಳಿದರು. ಅವಳು ಅಕ್ಕವ್ವನ ಬಗ್ಗೆಯೂ ಯೋಚಿಸುತ್ತಿದ್ದಳು.

ಅಕ್ಕವ್ವನಿಗೆ ಹಿಂದಿನ ವರ್ಷ ಮದುವೆಯಾಗಿತ್ತು. ಖಾನಾಪುರದ ಪೇಟೆಯಲ್ಲಿ ಒಳ್ಳೆಯ ಮನೆತನ. ಅವಳ ಅತ್ತೆಯೂ ಪದ್ಧತಿಯವಳು, ಕರೆಯಲು ಅಣ್ಣತಮ್ಮಂದಿರು ಬರದೆ ಸೊಸೆಯನ್ನು ಹೊಸ್ತಿಲು ದಾಟಿಸುವವಳಲ್ಲ. ಅಕ್ಕವ್ವನಿಗೂ ಅಣ್ಣನಿಲ್ಲ, ತಮ್ಮನಿಲ್ಲ. ಹೋದ ಪಂಚಮಿಗೆ ಅವಳು ಬರಲಿಲ್ಲ. ಆ ದಿನ ಶಿವಲಿಂಗವ್ವ ಅಳ್ಳು ಹುರಿಯಲೇ ಇಲ್ಲ.

ಮೂರನೆಯ ದಿನ ಅವಳು ನಿಯಮದ ಪುಸ್ತಕವನ್ನು ಗಂಡನ ಮುಂದೆ ಹಾಕಿದಳು. "ಇದರಾಗ ಆಡವರು ಯಾರರ ತೀರಕೊಂಡ್ರ ಅವರ ಜಾಗಾಕ್ಕ ಇನ್ನೊಬ್ಬರನ್ನ ತಗೋಬಹುದು ಅಂತ ಎಲ್ಲೆರ ಇರಬೇಕು. ಹುಡುಕ್ರಿ."

ಇತ್ತು, ಅರವತ್ತನೆಯ ಪುಟದಲ್ಲಿ. ಬದಲಿ ಆಟಗಾರ್ತಿ ಅದೇ ತಾಲೂಕಿನವಳಾಗಿರಬೇಕು, ಅಷ್ಟೇ ಷರತ್ತು. ಗುರುಪುತ್ರಪ್ಪ ಅರ್ಜಿ ಬರೆದ. ಹದಿನೈದು ದಿನಕ್ಕೆ ಖಾನಾಪುರದ ಆ ಮನೆಗೆ ದುಂಡನೆಯ ನೀಲಿ ಶಿಕ್ಕೆಯ ಪಾಕೀಟು ಹೋಯಿತು. ದಿಲ್ಲಿಯವರು ಸೊಸೆಯನ್ನು ಕರೆಯಲು ಬಂದಿದ್ದರು. ಅಲ್ಲಿಯ ಅತ್ತೆಗೆ ಅನುಮಾನ ಬಂದು ಬಾಳವ್ವನಿಗೆ ಹೇಳಿ ಕಳಿಸಿದಳಂತೆ. "ಖರೇ ಐತಿ, ನಮ್ಮ ಮನಿತನದಾಗ ಹಂಗ ನಡಕೋತ ಬಂದೈತಿ" ಎಂದು ಬಾಳವ್ವ ಉತ್ತರ ಕಳಿಸಿದಳು. ಆ ವರ್ಷದ ಮಹಾಮಂಡಳದ ವರದಿಯಲ್ಲಿ, ಬೆಳಗಾವಿ ಜಿಲ್ಲೆಯಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆ ಎಂಟರಿಂದ ಒಂಬತ್ತಕ್ಕೆ ಏರಿದೆ, ಶೇಕಡಾ ಹನ್ನೆರಡೂವರೆ ಏರಿಕೆ ಎಂದು ಅಚ್ಚಾಯಿತು. ಸತ್ತವಳ ಹೆಸರು ಹೊಡೆದರೆ ಏರಿಕೆ ಹೋಗಿಬಿಡುತ್ತದೆಂದು ಅವರು ನಿಂಗವ್ವನನ್ನು ದಫ್ತರದಲ್ಲಿ ಹಾಗೇ ಇಟ್ಟುಕೊಂಡಿದ್ದರು. ಶಿವಲಿಂಗವ್ವನಿಗೆ ಅದು ಬಹಳ ಸಮಾಧಾನ ಕೊಟ್ಟಿತು.

ಮೊದಲ ರವಿವಾರ ಅಕ್ಕವ್ವ ಬಸ್ಸಿಳಿದು ಓಡುತ್ತಲೇ ಬಂದಳು. ಅವಳ ಹಿಂದೆ ಮಾಯಕ್ಕ ನಿಂಗವ್ವನ ಕಲ್ಲನ್ನು ಕೌದಿಯಲ್ಲಿ ಹೊತ್ತು ತಂದಳು. ರಂಗೋಲಿಯ ಮನೆ ಬರೆದಾಗಿತ್ತು. ಮನೆಯ ಅಂಚಿಗೆ ಶಿವಲಿಂಗವ್ವನ ಹಳೆಯ ಕಲ್ಲು, ನಡುವೆ ಖಾಲಿ. ಅಕ್ಕವ್ವ ಅಜ್ಜಿಯ ಗೂಟ ಹಿಡಿದು ಮೊಣಕಾಲೂರಿದಳು. ಸೆರಗು ಸೊಂಟಕ್ಕೆ ಬಿಗಿದಿದ್ದಳು, ಕಣ್ಣಲ್ಲಿ ಅಜ್ಜಿಯದೇ ಆಸೆ.

"ಯವ್ವಾ, ಇದೊಂದು ಕಲ್ಲು ನಡಕ ಕುಂತ್ರ ನಾವು ಗೆದ್ದಂಗನ?"

"ಗೆದ್ದಂಗ."

"ಬಿಡ್ಲಿ?"

ಶಿವಲಿಂಗವ್ವ ಮಗಳನ್ನು ಒಂದು ಗಳಿಗೆ ನೋಡಿದಳು. ತಲೆಗೆ ಎಣ್ಣೆ ಕಂಡು ಬಹಳ ದಿನವಾದಂತಿತ್ತು. "ಸತ್ಯಪ್ಪಣ್ಣಾ, ದೀಪಾ ಹಚ್ಚರಿ" ಎಂದಳು.

ಆಗಿನ್ನೂ ಬೆಳಗಿನ ಹನ್ನೊಂದು ಗಂಟೆ. ಸತ್ಯಪ್ಪ ಯಾವ ಪ್ರಶ್ನೆಯನ್ನೂ ಕೇಳದೆ ಕಂದೀಲು ಹಚ್ಚಿದ, ಹೆಂಗಸರು ಕಸಬರಿಗೆಗಳನ್ನು ಕದದ ಹಿಂದೆ ಇಟ್ಟು ಬಂದರು, ಶಿವಲಿಂಗವ್ವ ಹೊಟ್ಟಿನ ಮೂಟೆಯ ಮೇಲೆ ಕೂತು ಎಣ್ಣೆಯ ಬಟ್ಟಲು ತೆಗೆದಳು.